ಎಳೆದುಕೊಂಡು ಹೋಗುವ ಮನೆ

"ಗಾಡಿ ಓಡೂ ಮುಂದ ಇದರೊಳಗ ಯಾರೂ ಕುಂದರಂಗಿಲ್ರಿ ಸಾವಕಾರ್ರ. ಬೆಕ್ಕಿನ ಮರಿ ಸೈತ ಕುಂದರಂಗಿಲ್ಲ," ಎಂದು ಸೈಫುದ್ದೀನ ಬಿಳಿ ಕ್ಯಾರವಾನಿನ ಮೈಯನ್ನು ಅಂಗೈಯಿಂದ ತಟ್ಟಿದ. ವಿಜಯಪುರ ದಾಟಿ ಬಬಲೇಶ್ವರ ರಸ್ತೆಗೆ ಬಿದ್ದರೆ ಸಿಗುವ ಅವನ ಗ್ಯಾರೇಜಿನ ಅಂಗಳದಲ್ಲಿ ಎರಡು ಗಾಲಿಮನೆಗಳು ಮಾರಾಟಕ್ಕೆ ಅಕ್ಕಪಕ್ಕ ನಿಂತಿದ್ದವು. ಒಂದು ಟೆಂಪೋವನ್ನೇ ಮನೆ ಮಾಡಿದ್ದು. ಎಂಜಿನ್ನು, ಹಾಸಿಗೆ, ಪಾಯಖಾನೆ ಎಲ್ಲ ಒಂದೇ ಸೂರಿನಡಿ. ಇನ್ನೊಂದು ಈ ಕ್ಯಾರವಾನ್. ಹಾಸಿಗೆ, ಪಾಯಖಾನೆ ಇದರಲ್ಲೂ ಉಂಟು, ಆದರೆ ಎಂಜಿನ್ನಿಲ್ಲ, ಜೀಪಿನ ಕೊಂಡಿಗೆ ಸಿಕ್ಕಿಸಿ ಎಳೆದುಕೊಂಡು ಹೋಗಬೇಕು.

ತಿಕೋಟಾದ ಒಣದ್ರಾಕ್ಷಿ ವ್ಯಾಪಾರಿ ಸಂಗನಬಸವನ ಮನಸ್ಸು ಎಳೆಯುವ ಮನೆಯ ಮೇಲೆಯೇ ಕುಳಿತಿತ್ತು. "ಊರ ಮುಟ್ಟಿದ ಮ್ಯಾಲೆ ಕೊಂಡಿ ಬಿಚ್ಚಿದ್ರ ಜೀಪ ತಿರಗಾಕ ಆತು. ಹೊಳ್ಳಿ ಬಂದ ಮ್ಯಾಲೆ ತ್ವಾಟಕ್ಕ ಆತು. ಆ ಇಂಜಿನ್ ಮನಿ ವರ್ಷಾಪೂರ್ತಿ ನಿಂತು ಏನ್ ಮಾಡ್ತೈತಿ, ಮನಿ ಅಳಿಯಾನಂಗ?"

"ಅತ್ತಿ ಎಲ್ಲಿ ಕುಂದರಬೇಕ್ರಿ?" ಎಂದಳು ಹೆಂಡತಿ ವಿದ್ಯಾವತಿ. ಬೆಳಗಿನಿಂದ ಅವಳು ಕೇಳುತ್ತಿದ್ದುದು ಇದೊಂದನ್ನೇ. ಅತ್ತ ಬೇವಿನ ಗಿಡದ ಕೆಳಗೆ ಕುರ್ಚಿಯಲ್ಲಿ ಕುಳಿತಿದ್ದ ಅತ್ತೆ ಗೌರಾಬಾಯಿಗೆ ಮೊಣಕಾಲು ಮಡಚಲು ಬಾರದು, ಅರ್ಧ ತಾಸಿಗೊಮ್ಮೆ ಪಾಯಖಾನೆಗೆ ಏಳಬೇಕು. ಅದಕ್ಕೆಂದೇ ಆರು ವರ್ಷದಿಂದ ಆ ಮನೆಯವರು ಯಾವ ರಜೆಯಲ್ಲೂ ಎಲ್ಲಿಗೂ ಹೋಗಿಲ್ಲ. ಈಗ ಗಾಲಿಮನೆಯ ಮಾತು ಹುಟ್ಟಿದ್ದೂ ಅದಕ್ಕೆಂದೇ.

"ಹಿಂದ ಮಲಗ್ತಾಳ. ಸಣ್ಣಾಕಿದ್ದಾಗಿಂದ ಟ್ರ್ಯಾಕ್ಟರ್ ಟ್ರೇಲರಿನ್ಯಾಗ ಅಡ್ಡಾಡಿದಾಕಿ ನಮ್ಮವ್ವ. ಏನರ ಬೇಕಂದ್ರ ಫೋನ್ ಮಾಡ್ತಾಳ. ಪೊಲೀಸ್ರಿಗೆ ಹೇಳಾಕ ಹೊಕ್ಕೇವೇನು?"

"ಪೊಲೀಸ್ರ ಮಾತಲ್ರೀ," ಎಂದ ಸೈಫುದ್ದೀನ. "ಕೊಂಡಿ ಮಾತು. ಓಡೂ ಮುಂದ ಹಿಂದಿನ ಮನಿ ತೂಗ್ಯಾಡ್ತೈತಿ."

ಮಾತು ಬಗೆಹರಿಯಲಿಲ್ಲ. ಎಳೆದು ನೋಡಿದರೆ ತಿಳಿದೀತೆಂದು ಜೀಪಿಗೆ ಕೊಂಡಿ ಸಿಕ್ಕಿಸಿದರು. ಸೈಫುದ್ದೀನ ಇನ್ನೊಬ್ಬ ಗಿರಾಕಿಯ ಕೂಗಿಗೆ ಒಳಗೆ ಹೋದ. ಸಂಗನಬಸವ ಅರೆ ತೆರೆದಿದ್ದ ಕ್ಯಾರವಾನಿನ ಬಾಗಿಲನ್ನು ದೂಡಿ, ಹೊರಗಿನಿಂದ ಚಿಲಕ ಜಡಿದು, ಹೆಂಡತಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಹೊರಟೇಬಿಟ್ಟ. ಹಾಡು ಹಚ್ಚಿದ. ರಸ್ತೆ ಸಪಾಟಾಗುತ್ತಲೇ ಅರವತ್ತಕ್ಕೆ ಏರಿಸಿದ. ಕನ್ನಡಿಯಲ್ಲಿ ಬಿಳಿ ಮನೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತೂಗುತ್ತಿದ್ದುದನ್ನು ವಿದ್ಯಾವತಿ ನೋಡುತ್ತಲೇ ಇದ್ದಳು.

ಸಾರವಾಡ ಇನ್ನೂ ದೂರವಿರುವಾಗಲೇ ಅವಳ ಫೋನು ಬಡಿದುಕೊಂಡಿತು. ಸೈಫುದ್ದೀನ.

"ಅಕ್ಕಾರ, ಅಮ್ಮಾರು ನಿಮ್ಮ ಕೂಡ ಅದಾರಲ್ರೀ?"

"ಇಲ್ರೀ. ಅಲ್ಲೇ ಬೇವಿನ ಗಿಡದ ಕೆಳಗ ಕುರ್ಚಿ ಮ್ಯಾಲೆ ಕುಂತಿದ್ರು."

"ಕುರ್ಚಿ ಖಾಲಿ ಐತ್ರೀ." ಅವನ ದನಿ ಇಳಿಯಿತು. "ಕ್ಯಾರವಾನ್ ನಿಂತಿದ್ದ ಜಾಗಾದಾಗ ಚಪ್ಪಲಿ ಅದಾವ್ರಿ. ಬಾಗಲಾ ಇದ್ದಲ್ಲೇ. ಜೋಡಿಸಿ ಬಿಟ್ಟಾರ."

ವಿದ್ಯಾವತಿ ಹೊರಳಿ ಹಿಂದಿನ ಬಿಳಿ ಮನೆಯತ್ತ ನೋಡಿದಳು. ಮನೆ ಎಂದಮೇಲೆ ಅದಕ್ಕೆ ಗಾಲಿ ಇರಲಿ, ಗೋಡೆ ಇರಲಿ, ಗೌರಾಬಾಯಿ ಚಪ್ಪಲಿ ಮೆಟ್ಟಿ ಒಳಗೆ ಕಾಲಿಡುವವಳಲ್ಲ.

"ಬ್ರೇಕ್ ಒಮ್ಮಿಲೇ ಹಾಕಬ್ಯಾಡ್ರಿ," ಎಂದು ಸೈಫುದ್ದೀನ ಅತ್ತಲಿಂದ ಹೇಳುತ್ತಿದ್ದ. "ಪಲ್ಟಿ ಆಕೈತಿ. ಸಾವಕಾಶ."

ಅವಳು ಅದನ್ನೆಲ್ಲ ಗಂಡನಿಗೆ ಹೇಳಿ, ಅತ್ತೆಯ ಫೋನಿಗೆ ಹಚ್ಚಿದಳು. ಅದು ಜೀಪಿನೊಳಗೇ, ಹಿಂದಿನ ಸೀಟಿನ ಚೀಲದಲ್ಲಿ ಹಾಡತೊಡಗಿತು. ಸಂಗನಬಸವ ಆಕ್ಸಿಲರೇಟರಿನಿಂದ ಕಾಲು ತೆಗೆದ. ಎದುರಿಗೆ ಕಬ್ಬಿನ ಟ್ರ್ಯಾಕ್ಟರೊಂದು ರಸ್ತೆ ತುಂಬ ಬರುತ್ತಿತ್ತು. ಐವತ್ತು. ನಲವತ್ತು. ಒಂದು ಗಾಲಿ ಮಣ್ಣಿಗಿಳಿಯಿತು, ಹಿಂದಿನ ಮನೆ ವಾಲಿತು, ಮತ್ತೆ ನೆಟ್ಟಗಾಯಿತು. ಟ್ರ್ಯಾಕ್ಟರು ದಾಟಿದ ಮೇಲೆ ಅವನು ಹಾಡು ಬಂದ್ ಮಾಡಿದ. ಆಗ ಕೇಳಿಸಿತು, ಹಿಂದಿನಿಂದ: ಟಕ್, ಟಕ್, ಟಕ್.

ಜೀಪು ನಿಲ್ಲಿಸಿ, ಓಡಿ ಹೋಗಿ ಬಾಗಿಲು ತೆರೆದಾಗ ಗೌರಾಬಾಯಿ ನೆಲದ ಮೇಲೆ ಬರಿಗಾಲು ಚಾಚಿ ಕುಳಿತಿದ್ದಳು. ಒಂದು ಕೈ ಮಂಚದ ಕಾಲಿಗೆ ಬಿಗಿದಿತ್ತು, ಇನ್ನೊಂದರಲ್ಲಿ ಊರುಗೋಲು.

"ಯವ್ವಾ, ಪೆಟ್ಟ ಬಿತ್ತೇನ ಬೇ?"

"ಆ ಸಣ್ಣ ಖೋಲ್ಯಾಗ ಹೋಗಿದ್ದೆ. ಹೊರಗ ಬರೂದ್ರೊಳಗ ಹೊಂಟ ಬಿಟ್ಟಿ." ಅವಳು ಸೊಸೆಯ ಹೆಗಲು ಹಿಡಿದು ಕೆಳಗಿಳಿದಳು. "ಅವಾಗಿಂದ ಕೋಲು ಬಡ್ಯಾಕತ್ತೇನಿ. ನಿನ್ನ ಹಾಡು ನನಗ ಕೇಳ್ತು. ನನ್ನ ಕೋಲು ನಿನಗ ಕೇಳಲಿಲ್ಲ."

ಸಂಗನಬಸವ ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಜೀವ ತಿರುಗಿ ಬಂದಿತ್ತು, ಜೊತೆಗೆ ಮಾತೂ ಬಂತು. "ಚಿಲಕಾ ನೋಡಲಾರ್ದ ಹಾಕಿದ್ದು ನನ್ನ ತಪ್ಪು. ಆದ್ರ ಒಳಗ ಆರಾಮ ಐತಿ ಹೌದಲ್ಲ? ಒಂದು ಗಂಟಿ ಕೂಡಿಸಿದ್ರ ಆತು, ನೀ ಒತ್ತೂದು, ನಾ ನಿಲ್ಲಸೂದು."

ವಿದ್ಯಾವತಿ ಏನೋ ಅನ್ನಲು ಬಾಯಿ ತೆರೆದಳು. ಅತ್ತೆ ಅವಳ ಕೈ ಒತ್ತಿದಳು.

"ಆರಾಮ ಐತಪಾ. ನೀನೂ ಕುಂದ್ರು, ಮುಂದಿನ ಕಿಲೋಮೀಟರ್ ಕಲ್ಲಿನ ತನಕ. ವಿದ್ಯಾ ಗಾಡಿ ಹೊಡೀಲಿ, ಎತ್ತಿನ ಬಂಡಿ ಹೊಡದಂಗ."

ತಾನೇ ಹೊಗಳಿದ ಮನೆ. ಸಂಗನಬಸವ ಮೆಟ್ಟಿಲ ಮೇಲೆ ಕಾಲಿಟ್ಟ.

"ಚಪ್ಪಲಿ ಬಿಟ್ಟು ಹತ್ತೋ ಸಂಗ್ಯಾ. ಮನಿ ಅಂದಿದ್ದಿಯಲ್ಲ?"

ಬಿಟ್ಟು ಹತ್ತಿದ. ವಿದ್ಯಾವತಿ ಹೊರಗಿನಿಂದ ಚಿಲಕ ಹಾಕಿದಳು. ಗೌರಾಬಾಯಿ ಮಗನ ದೊಡ್ಡ ಚಪ್ಪಲಿಯೊಳಗೆ ಕಾಲು ತೂರಿಸಿ, ಸರಕ್ ಸರಕ್ ಎನ್ನುತ್ತ ಬಂದು ಮುಂದಿನ ಸೀಟನ್ನು ಹತ್ತಿದಳು.

ಜೀಪು ಬಂಡಿಯ ನಡಿಗೆಯಲ್ಲೇ ಹೊರಟಿತು. ಮೊದಲ ತಗ್ಗು ದಾಟಿತೋ ಇಲ್ಲವೋ, ಹಿಂದಿನಿಂದ ಸದ್ದು ಬಂತು. ಕೋಲಿನದಲ್ಲ, ಮುಷ್ಟಿಯದು.

"ಅತ್ತಿ, ಬಡ್ಯಾಕತ್ತಾರ್ರಿ," ಎಂದು ವಿದ್ಯಾವತಿ ಬ್ರೇಕಿನ ಕಡೆ ಕಾಲು ಸರಿಸಿದಳು.

"ಹೌದೇನು? ನನಗೇನೂ ಕೇಳವಲ್ದು."

ಗೌರಾಬಾಯಿ ಕೈ ಚಾಚಿ, ಮಗ ಬಂದ್ ಮಾಡಿದ್ದ ಹಾಡನ್ನು ಮತ್ತೆ ಹಚ್ಚಿದಳು.