ಹಿಮದ ಕೆಳಗಿನ ಮಣ್ಣು

ಹೊಸಪೇಟೆಯ ಹೊಸ ಹೋಟೆಲಿನ ಸಭಾಂಗಣದಲ್ಲಿ ಗಂಗಾಂಬಿಕಾ ಪರದೆಯ ಮೇಲೆ ಹಿಮಾಲಯವನ್ನು ಕರಗಿಸುತ್ತಿದ್ದಳು. ಉಪಗ್ರಹ ತೆಗೆದ ಚಿತ್ರಗಳು ಒಂದೊಂದಾಗಿ ಸರಿದಂತೆ ಹಿಮನದಿಯ ಬಿಳಿ ನಾಲಗೆ ಕಣಿವೆಯೊಳಗೆ ಹಿಂದಕ್ಕೆ ಹಿಂದಕ್ಕೆ ಸೇದಿಕೊಳ್ಳುತ್ತಿತ್ತು. ಊರಿನ ಹೆಣ್ಣುಮಗಳು ವಿಜ್ಞಾನಿಯಾದಳೆಂದು ಸನ್ಮಾನಕ್ಕೆ ಬಂದಿದ್ದವರೆಲ್ಲ ಆಗಲೇ ಊಟದ ವಾಸನೆಯತ್ತ ಮೂಗು ತಿರುಗಿಸಿದ್ದರು.

ಸನ್ಮಾನ ಇಟ್ಟುಕೊಂಡಿದ್ದ ಕಬ್ಬಿಣದ ಅದಿರಿನ ಗಣಿ ಮಾಲೀಕ ನಾಗೇಂದ್ರಪ್ಪ ಮಾತ್ರ ಮುಂದಿನ ಸೋಫಾದಲ್ಲಿ ಕಣ್ಣು ಮಿಟುಕಿಸದೆ ಕೂತಿದ್ದ. ಮೊಬೈಲು ಹೊಡೆದುಕೊಂಡರೂ ಎತ್ತಲಿಲ್ಲ. ಗಂಗಾಂಬಿಕಾಗೆ ಹುರುಪು ಬಂತು. ಬೆಟ್ಟ ಅಗೆಯುವವನ ಎದೆಯಲ್ಲೂ ಎಲ್ಲೋ ಒಂದಿಷ್ಟು ತೇವ ಉಳಿದಿದೆಯಲ್ಲ! ಬಿಸಿಲು, ಹಿಮಪಾತ, ಮಂಜುಗಡ್ಡೆಯ ದಪ್ಪ ಎಲ್ಲವನ್ನೂ ಕಂಪ್ಯೂಟರಿಗೆ ಉಣಿಸಿ ಮುಂದಾಗುವುದನ್ನು ಲೆಕ್ಕ ಹಾಕುವ ಬಗೆಯನ್ನು ಅವನೊಬ್ಬನಿಗೇ ಎಂಬಂತೆ ಬಿಡಿಸಿ ಹೇಳಿದಳು. "ಇನ್ನು ಐವತ್ತು ವರ್ಷಕ್ಕೆ ಈ ಕಣಿವೆಯಲ್ಲಿ ಬರೀ ಕಲ್ಲು, ಮಣ್ಣು" ಎನ್ನುತ್ತ ಕೊನೆಯ ಚಿತ್ರವನ್ನು ಪರದೆಯ ಮೇಲೆ ನಿಲ್ಲಿಸಿದಳು.

ಶಾಲು ಹೊದಿಸಿದ ಮೇಲೆ ನಾಗೇಂದ್ರಪ್ಪ ಪಕ್ಕಕ್ಕೇ ಬಂದು ಕೂತ.

"ಮೇಡಮ್ಮಾರ, ಮಸ್ತ್ ಹೇಳಿದ್ರಿ. ಒಂದು ಡೌಟು."

"ಕೇಳ್ರಿ."

"ಬರ್ಫ ಹೋದಮ್ಯಾಲ ಕಾಣ್ತೈತಲ್ರಿ ಮಣ್ಣು, ಅದು ಯಾವ ಬಣ್ಣದ್ದು? ಕೆಂಪೈತೇನು?"

ಗಂಗಾಂಬಿಕಾ ಬೆಪ್ಪಾಗಿ ನೋಡಿದಳು.

"ಐವತ್ತು ವರ್ಷ ಭಾಳ ಆತ್ರಿ. ಅದಿರು ಕೊಳ್ಳೋ ಚೀನಾದೋರು ಅಲ್ಲಿತನ ಕಾಯಂಗಿಲ್ಲ. ಜಲ್ದಿ ಕರಗೋ ಹಂಗ ಏನರ ಉಪಾಯ ಐತೇನು?"

ಹಿಂದೆ ನಿಂತಿದ್ದ ತಮ್ಮ ವೀರೇಶ್ ಮೆಲ್ಲಗೆ ಅವಳ ಭುಜ ಒತ್ತಿದ. ಅವನ ಲಾರಿಗಳು ಓಡುತ್ತಿದ್ದುದು ಇದೇ ನಾಗೇಂದ್ರಪ್ಪನ ಗಣಿಯಿಂದ. "ಅಕ್ಕಾ, ಏನೂ ಅನಬ್ಯಾಡ" ಎಂದು ಕಿವಿಯಲ್ಲಿ ಪಿಸುಗುಟ್ಟಿದ. ಆದರೆ ಅವಳಿಗೆ ಮೈಯೆಲ್ಲ ಉರಿದುಹೋಗಿತ್ತು.

"ಐತ್ರಿ, ಯಾಕಿಲ್ಲ!" ಎಂದಳು. "ಧೂಳು. ಬೆಳ್ಳನ ಹಿಮದ ಮ್ಯಾಲ ಧೂಳು ಬಿದ್ರ ಬಿಸಿಲು ಹೀರಿಕೊಂಡು ಜಲ್ದಿ ಕರಗ್ತೈತಿ. ಸಂಡೂರಿನಾಗ ಗಿಡ, ಮನಿ, ಮಕ್ಕಳ ಮೂಗು ಒಂದೂ ಬಿಡದಂಗ ಮೆತ್ತಿಕೊಂಡೈತಲ್ರಿ ನಿಮ್ಮ ಗಣಿ ಧೂಳು, ಅಂಥಾದು!"

ವೀರೇಶ್ ಕಣ್ಣು ಮುಚ್ಚಿಕೊಂಡ. ಚಾಟಿಯೇಟು ಬಿತ್ತೆಂದುಕೊಂಡ ಗಂಗಾಂಬಿಕಾ, ನಾಗೇಂದ್ರಪ್ಪನ ಮುಖ ಕಪ್ಪಿಡುವುದನ್ನು ಕಾದಳು.

ಅದು ಅರಳಿತು.

"ಧೂಳಾ? ಅಷ್ಟ ಏನ್ರಿ!" ಅವನು ಉತ್ಸಾಹದಿಂದ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ. "ಎಷ್ಟು ಲೋಡು ಬೇಕು ಹೇಳ್ರಿ."