ಹಿತ್ತಲ ಗುಂಡಿಯ ಬಾಟಲಿಗಳು

ಫಿನಾಯಿಲ್ ವಾಸನೆ ಬಂದರೆ ಈಗಲೂ ನನಗೆ ದೇವಸಮುದ್ರದ ತಾತನ ಮನೆಯ ಹಿತ್ತಲು ನೆನಪಾಗುತ್ತದೆ.

ತಾತ ತೀರಿಕೊಂಡ ಮರುವರ್ಷದ ಬೇಸಿಗೆ ಅದು. ಹಳೆಯ ಕಾಲದ ಬಾಟಲಿ, ಹಿತ್ತಾಳೆ ಸಾಮಾನುಗಳನ್ನು ಕೊಳ್ಳುವವರು ಚಳ್ಳಕೆರೆಯಲ್ಲಿದ್ದಾರೆಂದು ಕೇಳಿ, ಅಂಥದ್ದೇನಾದರೂ ಒಳಗೆ ಬಿದ್ದಿರಬಹುದೆಂದು ಚಿಕ್ಕಪ್ಪ ಮುಚ್ಚಿಹೋಗಿದ್ದ ಪಾಯಿಖಾನೆ ಗುಂಡಿಯನ್ನು ಅಗೆಯತೊಡಗಿದ. ಮೇಲಿನ ಮಣ್ಣು ಒಣಗಿತ್ತು. ಸೊಂಟದಾಳಕ್ಕೆ ಇಳಿದ ಮೇಲೆ ಕಪ್ಪಗೆ, ಜಿಗುಟಾಗಿ, ಕೊಳೆತು ನಾರುವ ರಾಡಿ ಬಂತು. ಚಿಕ್ಕಪ್ಪ ಫಿನಾಯಿಲ್ ಸುರಿದ. ಎರಡು ವಾಸನೆಯೂ ಬೆರೆತು ಇನ್ನಷ್ಟು ಕೆಟ್ಟದಾಯಿತು. ನಾನು ಲಂಗದಿಂದ ಮೂಗು ಮುಚ್ಚಿಕೊಂಡೆ, ಆದರೂ ಅಲ್ಲಿಂದ ಕದಲಲಿಲ್ಲ.

ಸಿಕ್ಕಿದ್ದು ಬರೀ ಬ್ರಾಂದಿ ಬಾಟಲಿಗಳು. ಬಗೆದಷ್ಟೂ ಬಂದವು. ಒಂದನ್ನು ಎತ್ತಿದಾಗ ಅದರೊಳಗಿನ ಕಂದು ನೀರು ಚಿಕ್ಕಪ್ಪನ ಮೊಣಕೈವರೆಗೆ ಇಳಿಯಿತು. ನಾನು ಅಲ್ಲೇ ವಾಂತಿ ಮಾಡಿಕೊಂಡೆ.

ನನ್ನ ಬಾಯಿ ಒರೆಸಲು ಬಂದ ಅಜ್ಜಿ ಬಾಟಲಿಗಳನ್ನು ನೋಡಿ ನಿಂತಳು.

"ಯಾರು ಹಾಕಿದ್ದವ್ವಾ ಇವನ್ನ?" ಎಂದು ಚಿಕ್ಕಪ್ಪ ಕೇಳಿದ.

"ಈ ಪಾಯಿಖಾನೆಗೆ ನಿಮ್ಮಪ್ಪ ಬೇರೆ ಯಾರನ್ನ ಬಿಡ್ತಿದ್ರು? ನಾವೆಲ್ಲ ಬಯಲಿಗೇ ಹೋಗ್ತಿದ್ವಲ್ಲ."

ಕುಡಿದು ಬಂದನೆಂದು ತಾತ ದೊಡ್ಡಪ್ಪನನ್ನು ಮನೆಯಿಂದ ಹೊರಗೆ ಹಾಕಿದ್ದ. ಸಿದ್ದಾಪುರ ಸೇರಿದ್ದ ಅವನನ್ನು ತಾತನ ಮಣ್ಣಿಗೂ ಯಾರೂ ಕರೆದಿರಲಿಲ್ಲ.

ಅಜ್ಜಿ ಒಂದು ಬಾಟಲಿ ಎತ್ತಿ ಮೂಸಿದಳು. ಮುಖ ಕಿವಿಚಿಕೊಂಡು ಅದನ್ನು ಗುಂಡಿಗೇ ಎಸೆದು, ಒಣಮಣ್ಣು ಹಿಡಿದು ಕೈಯನ್ನು ಬಹಳ ಹೊತ್ತು ಉಜ್ಜಿಕೊಂಡಳು.

"ಮಾರೋದು ಬ್ಯಾಡ, ಮುಚ್ಚು," ಅಂದಳು. "ಮೈ ತೊಳ್ಕಂಡು ಸಿದ್ದಾಪುರಕ್ಕೆ ಹೋಗು. ನಿಮ್ಮಣ್ಣನ್ನ ಮನೆಗೆ ಕರ್ಕಂಬಾ."