ಎದೆಮಟ್ಟದ ಸೊಪ್ಪು

"ಹದಿನಾರಡಿ ಪ್ರಾಣಿಗೆ ಸೊಪ್ಪನ್ನು ನಿಮ್ಮ ಎದೆಮಟ್ಟಕ್ಕೆ ಕಟ್ಟಿದ್ದೀರಲ್ಲ?" ಮೃಗಾಲಯದ ಡಾಕ್ಟರಮ್ಮ ಕೇಳಿದರು.

"ಅದಕ್ಕೂ ವಯಸ್ಸಾಯ್ತಲ್ಲ ಮೇಡಮ್. ಕತ್ತು ನೋವು, ಮೇಲಕ್ಕೆ ಎತ್ತಾಕಾಗಲ್ಲ," ಎಂದ, ಇಪ್ಪತ್ತು ವರ್ಷದಿಂದ ಜಿರಾಫೆಗೆ ಮೇವು ಹಾಕುತ್ತಿದ್ದವನು. ದನಿಯಲ್ಲಿ ಜೀವವಿರಲಿಲ್ಲ.

ಮೇಲಿನ ಕೊಕ್ಕೆ ಖಾಲಿ ಇತ್ತು. ಗೋಡೆಗೆ ಒರಗಿದ್ದ ಏಣಿಯಲ್ಲಿ ಜೇಡ ಬಲೆ ಕಟ್ಟಿತ್ತು.

ಅಷ್ಟರಲ್ಲಿ ಜಿರಾಫೆ ಕೆಳಗಿನ ಕಂತೆಯನ್ನು ಬಿಟ್ಟು, ಬೇಲಿಯಾಚೆಯ ಜಾಲಿಮರದ ತುದಿಗೆ ಕತ್ತು ಚಾಚಿತು. ಮೊಳದುದ್ದದ ಕಪ್ಪು ನಾಲಿಗೆಯನ್ನು ಕೊಂಬೆಗೆ ಸುತ್ತಿ, ಮುಳ್ಳಿನ ನಡುವಿನ ಎಲೆಯನ್ನಷ್ಟೇ ಸರ್ರನೆ ಎಳೆದುಕೊಂಡಿತು.

ಡಾಕ್ಟರಮ್ಮ ಅವನತ್ತ ತಿರುಗಿದರು.

"ಎಲ್ಲಿ, ನಿಮ್ಮ ಬಲಗೈ ಎತ್ತಿ."

ಕೈ ಭುಜದವರೆಗೆ ಬಂದು ನಿಂತುಬಿಟ್ಟಿತು. ಅವನು ಅದನ್ನು ಎಡಗೈಯಿಂದ ಹಿಡಿದು ಇಳಿಸಿಕೊಂಡ.

"ಮೂರು ತಿಂಗಳಾಯ್ತು ಮೇಡಮ್. ಆಫೀಸಿಗೆ ಗೊತ್ತಾದ್ರೆ ಮನೆಗೆ ಕಳಿಸ್ಬಿಡ್ತಾರೆ."

"ರಿಟೈರ್‌ಮೆಂಟ್ ಯಾವಾಗ?"

"ಇನ್ನು ಎಂಟು ತಿಂಗಳು."

ಡಾಕ್ಟರಮ್ಮ ಜಿರಾಫೆಯನ್ನು ಇನ್ನೊಮ್ಮೆ ನೋಡಿ, ರಿಜಿಸ್ಟರ್ ತೆರೆದು ಬರೆದರು:

"ಜಿರಾಫೆಗೆ ಕತ್ತು ನೋವು. ಎಂಟು ತಿಂಗಳು ಸೊಪ್ಪನ್ನು ಕೆಳಗೇ ಕಟ್ಟತಕ್ಕದ್ದು."